ಹರೀಶನ ಎರಡು ಕಿವಿಗೆ ಒಂದು ಆಲ್ಬಂ

ಗುರುವಾರ ಬೆಳಿಗ್ಗೆ ಹರೀಶ ಫೋನ್ ಮಾಡಿದಾಗ ನಾನು ಮದುವೆ ಗಾದಿಯೊಂದರ ಅಂಚು ಹೊಲಿಯುತ್ತಿದ್ದೆ. ಅವನ ಬಲಗಿವಿಯೊಳಗೆ ನರದ ಮೇಲೆ ಒಂದು ಗಂಟು ಬೆಳೆದಿದೆಯಂತೆ. ಕ್ಯಾನ್ಸರ್ ಅಲ್ಲ, ಆದರೆ ತೆಗೆಯಲೇಬೇಕು, ತೆಗೆದರೆ ಆ ಕಿವಿ ಪೂರ್ತಿ ಹೋಗುತ್ತದೆ, ಸೋಮವಾರ ಆಪರೇಷನ್. ಇಷ್ಟನ್ನೂ ಅವನು ಸುಟ್ಟುಹೋದ ಪಂಪ್‌ಸೆಟ್ ಮೋಟರಿನ ಸುದ್ದಿ ಹೇಳುವ ದನಿಯಲ್ಲೇ ಹೇಳಿದ. ಅವನ ಕಸುಬೂ ಅದೇ. ಮತ್ತೋಡಿನಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದಾನೆ. ಆಮೇಲೆ ಅವನ ಮಟ್ಟಿಗೆ ಮುಖ್ಯವಾದ ವಿಷಯಕ್ಕೆ ಬಂದ.

"ಶನಿವಾರ ಬಾ. ಎರಡೂ ಕಿವೀಲಿ ಕೊನೇ ಸಲ ಒಂದು ಆಲ್ಬಂ ಕೇಳ್ಬೇಕು. ಯಾವ್ದು ಅಂತ ನೀನೇ ಆರ್ಸ್ಕಂಡು ತಗಂಬಾ."

ಒಂದೇ ಯಾಕೆ ಎಂದೆ. ಮುಕ್ಕಾಲು ಗಂಟೆ ಹಾಡು ಕೇಳಿದರೆ ಕಿವಿಯೊಳಗೆ ಗುಂಯ್ ಎಂದು ಶುರುವಾಗಿ ತಲೆ ಸಿಡಿಯುತ್ತದಂತೆ. ನೀನೇ ಆರಿಸಿಕೊ ಎಂದೆ. ತಾನು ಆರಿಸಲು ಕುಳಿತರೆ ಅಷ್ಟರಲ್ಲಿ ಸೋಮವಾರ ಬಂದಿರುತ್ತದೆ ಎಂದು ಫೋನ್ ಇಟ್ಟುಬಿಟ್ಟ. ಇಪ್ಪತ್ತೆಂಟು ವರ್ಷದ ಸ್ನೇಹದಲ್ಲಿ ಅವನು ಇಂಥ ಭಾರದ ಕೆಲಸಗಳನ್ನೆಲ್ಲ ನನ್ನ ತಲೆಗೇ ಕಟ್ಟಿದ್ದಾನೆ. ಆವತ್ತು ಸೂಜಿ ಮೂರು ಸಲ ಬೆರಳಿಗೆ ಚುಚ್ಚಿತು.

ಹೊಸದುರ್ಗದ ಗಾದಿ ಅಂಗಡಿಯ ಉಮರನಾದ ನನಗೂ ಕುರಿ ಸಾಕುವವರ ಮನೆಯ ಹರೀಶನಿಗೂ ಆಲ್ಟರ್ನೇಟಿವ್ ರಾಕ್ ಎಂಬ ಈ ಇಂಗ್ಲಿಷ್ ಹಾಡಿನ ಹುಚ್ಚು ಎಲ್ಲಿಂದ ಅಂಟಿಕೊಂಡಿತು ಎಂದು ಕೇಳಿ ನಗುವವರಿದ್ದಾರೆ. ಅಂಟಿಸಿದವರು ಮಹಮ್ಮದ್ ಗೌಸ್ ಸಾಹೇಬರು. ನಾವು ಪಿ.ಯು.ಸಿ. ಓದುವಾಗ ಬಸ್‌ಸ್ಟ್ಯಾಂಡಿನ ಹತ್ತಿರ ಅವರದೊಂದು ರೆಕಾರ್ಡಿಂಗ್ ಅಂಗಡಿ ಇತ್ತು. ಖಾಲಿ ಕ್ಯಾಸೆಟ್ ಕೊಟ್ಟರೆ ಖವ್ವಾಲಿ, ಭಜನೆ, ಸಿನಿಮಾ ಹಾಡು, ಏನು ಬೇಕಾದರೂ ತುಂಬಿ ಕೊಡುತ್ತಿದ್ದರು. ದುಬೈಯಲ್ಲಿದ್ದ ಅವರ ತಮ್ಮ ಅತ್ತರಿನ ಜೊತೆ ಇಂಗ್ಲಿಷ್ ಸಿ.ಡಿ.ಗಳನ್ನೂ ಕಳಿಸುತ್ತಿದ್ದ. ಬ್ಯಾಂಡುಗಳ ಹೆಸರು ಬರೆಯುವ ತಾಳ್ಮೆ ಸಾಹೇಬರಿಗಿರಲಿಲ್ಲ. ಕ್ಯಾಸೆಟ್ಟಿನ ಮೇಲೆ ಇಂಗ್ಲಿಷ್-1, ಇಂಗ್ಲಿಷ್-2 ಎಂದು ನಂಬರು ಹಾಕಿ ಕೊಡುತ್ತಿದ್ದರು. ಕೊಂಡವರು ಊರಿಗೆಲ್ಲ ನಾವಿಬ್ಬರೇ. ಒಂದು ಕ್ಯಾಸೆಟ್ ಇಬ್ಬರಿಗೂ. ಒಂದು ವಾರ ನನ್ನ ಹತ್ತಿರ, ಮುಂದಿನ ವಾರ ಮತ್ತೋಡಿನ ಬಸ್ಸಿನ ಕಂಡಕ್ಟರ್ ಚೀಲದಲ್ಲಿ ಕುಳಿತು ಅವನ ಹತ್ತಿರ. ಹೆಸರು ಕೇಳುವ ಬುದ್ಧಿ ನಮಗೂ ಬರಲಿಲ್ಲ. ಟೇಪು ಸವೆದ ಮೇಲೆ ಅದರಿಂದಲೇ ಮೆಮೊರಿ ಕಾರ್ಡಿಗೆ ಇಳಿಸಿಕೊಂಡೆವು, ಅಲ್ಲೂ ನಂಬರುಗಳೇ ಉಳಿದವು.

ಇಪ್ಪತ್ತಾರು ಆಲ್ಬಂಗಳಲ್ಲಿ ಗುರುವಾರ ಸಂಜೆಯೊಳಗೆ ಮೂರು ಉಳಿದವು. ಅಲ್ಲಿಗೆ ನನ್ನ ನೆಮ್ಮದಿಯೂ ಮುಗಿಯಿತು.

ಮೊದಲನೆಯದು ಒಂಬತ್ತು ನಂಬರಿನದು. ಅದರಲ್ಲಿ ಹಾಡುವವನು ಈಗಷ್ಟೇ ನಿದ್ದೆಯಿಂದ ಎದ್ದವನಂತೆ ಗೊಣಗುತ್ತಾನೆ, ಆಮೇಲೆ ಇದ್ದಕ್ಕಿದ್ದಂತೆ ಹೆಂಚು ಹಾರಿಹೋಗುವಂತೆ ಕಿರುಚುತ್ತಾನೆ. ಪಿ.ಯು.ಸಿ.ಯಲ್ಲಿ ನಾನು ಫೇಲಾದ ದಿನ ಇದನ್ನು ಒಂದೇ ಸಮನೆ ಹಾಕಿಕೊಂಡು ಕುಳಿತಿದ್ದೆ, ಅಪ್ಪ ಬೈಯುವುದನ್ನೇ ಮರೆತು ಹೊರಗೆ ಹೋಗಿದ್ದರು. ನನ್ನ ಪರವಾಗಿ ಯಾರೋ ಜಗಳಕ್ಕೆ ನಿಂತಂತಿತ್ತು. ಈಗ ನನಗೆ ನಲವತ್ತಾರು. ಮೂರನೇ ಕಿರುಚಿಗೆ, ಸಾಕು ಮಾರಾಯ, ಸ್ವಲ್ಪ ನೀರು ಕುಡಿ ಎನಿಸುತ್ತದೆ. ಸೋಲುವ ಕಿವಿಗೆ ಅದನ್ನು ಕೊಡುವುದು ಸರಿಯಲ್ಲ ಎಂದು ಬಿಟ್ಟೆ. ರಾತ್ರಿ ಊಟಕ್ಕೆ ಕುಳಿತಾಗ ಅದೇ ಸರಿ ಎನಿಸಿತು. ಕೈ ತೊಳೆಯುವಾಗ ಮತ್ತೆ ಬೇಡವೆನಿಸಿತು.

ಇಪ್ಪತ್ತೆರಡು ನನ್ನ ಸ್ವಂತದ್ದು. ಗಿಟಾರುಗಳೆಲ್ಲ ಸೇರಿ ಹತ್ತಿ ಹಿಂಜುವ ಮೆಷಿನ್ನಿನ ಕೋಣೆಯ ಧೂಳಿನಂತೆ ಎದ್ದಿರುತ್ತವೆ, ಕಣ್ಣಿಗೆ ಮೂಗಿಗೆಲ್ಲ ತುಂಬಿಕೊಳ್ಳುತ್ತವೆ, ಆ ಧೂಳಿನೊಳಗಿಂದ ಒಬ್ಬ ಹೆಂಗಸು ಅವಸರವಿಲ್ಲದೆ ಹಾಡುತ್ತಾಳೆ. ಅದನ್ನು ಕೇಳಿದಾಗಲೆಲ್ಲ ನನ್ನ ಕೆಲಸದ ಮೇಲೆ ನನಗೆ ಗೌರವ ಬರುತ್ತದೆ. ಹರೀಶ ಮಾತ್ರ ಮೊದಲ ದಿನವೇ ಇದು ಮೋಟರ್ ಸುಟ್ಟ ಸದ್ದು ಎಂದಿದ್ದ. ನನಗಾಗಿ ಸಹಿಸಿಕೊಂಡು ಬಂದಿದ್ದಾನೆ, ಅಷ್ಟೇ. ಅದನ್ನು ಒಯ್ದರೆ ಶುದ್ಧ ಸ್ವಾರ್ಥ. ಹಾಗೆಂದು ಗೊತ್ತಿದ್ದೂ ಶುಕ್ರವಾರ ಮಧ್ಯಾಹ್ನದವರೆಗೆ ಅದನ್ನೇ ಒಯ್ಯುವುದೆಂದು ಹಟ ಹಿಡಿದಿದ್ದೆ.

ಉಳಿದದ್ದು ಹದಿನಾಲ್ಕು. ಅದು ಇಬ್ಬರದೂ. ಡ್ರಮ್ ಒಂದೇ ಶುರುವಾಗುತ್ತದೆ. ಆಮೇಲೆ ಒಂದು ಗಿಟಾರು ಬಂದು ಏನನ್ನೋ ಕೇಳುತ್ತದೆ, ಸುಮ್ಮನಾಗುತ್ತದೆ. ಉತ್ತರವಿಲ್ಲ. ಮತ್ತೆ ಕೇಳುತ್ತದೆ, ಮತ್ತೆ ಖಾಲಿ. ಹಾಡುವವನು ಬಂದು ಹೋದರೂ ಹನ್ನೊಂದು ಹಾಡುಗಳಲ್ಲೂ ಹೀಗೆಯೇ. ಆ ಖಾಲಿ ಜಾಗದ ಬಗ್ಗೆ ನಾನು ಎಷ್ಟು ಭಾಷಣ ಬಿಗಿದಿದ್ದೇನೋ ಲೆಕ್ಕವಿಲ್ಲ. ತುಂಬುವುದು ಯಾರಿಗೂ ಬರುತ್ತದೆ, ಖಾಲಿ ಬಿಡಲು ಎದೆ ಬೇಕು ಎನ್ನುತ್ತಿದ್ದೆ. ಹರೀಶ ಹೌದು ಹೌದು ಎನ್ನುತ್ತಿದ್ದ. ಅವನ ಮದುವೆ ಗೊತ್ತಾದಾಗ, ಅವನಪ್ಪ ತೀರಿಕೊಂಡಾಗ, ನನ್ನ ಅಂಗಡಿಗೆ ನೀರು ನುಗ್ಗಿ ಹತ್ತಿಯೆಲ್ಲ ಹಾಳಾದಾಗ, ನಾವು ಹಾಕಿಕೊಂಡಿದ್ದು ಹದಿನಾಲ್ಕೇ.

ಮೆಮೊರಿ ಕಾರ್ಡಿನ ಹದಿನಾಲ್ಕು ಈಗ ಮುಕ್ಕಾಲು ಪಾಲು ಸುಯ್ಯೆನ್ನುವ ಸದ್ದು. ಕೊನೆಯ ಸಲಕ್ಕೆ ಅದು ಸಾಲದು ಎಂದು ಮಗಳು ಫರೀಹಾಳ ಮುಂದೆ ಕೂತೆ. ಅವಳು ಹಾಡನ್ನು ತನ್ನ ಫೋನಿಗೆ ಕೇಳಿಸಿದಳು, ಚಣದಲ್ಲಿ ಫೋನು ಬ್ಯಾಂಡಿನ ಹೆಸರು, ಆಲ್ಬಮ್ಮಿನ ಹೆಸರು ಎರಡನ್ನೂ ಹೇಳಿಬಿಟ್ಟಿತು. ನನಗೆ ಅದು ಯಾರದೋ ಮನೆಯ ಮಗುವಿನ ಹೆಸರಿನಂತೆ ಕೇಳಿಸಿತು. ಮೂರನ್ನೂ ಅಸಲಿ ರೂಪದಲ್ಲಿ ನನ್ನ ಫೋನಿಗೆ ಹಾಕಿ, ತನ್ನ ಒಳ್ಳೆಯ ಹೆಡ್‌ಫೋನನ್ನೂ ಕೊಟ್ಟಳು. ನೀವೂ ಒಂದು ಸಲ ಕೇಳಿ ನೋಡಿ ಎಂದಳು. ಹರೀಶನಿಗಿಂತ ಮುಂಚೆ ನಾನು ಕೇಳುವುದು ಎಂಜಲು ಮಾಡಿದಂತೆ ಎಂದು ಕೇಳಲಿಲ್ಲ. ನನ್ನ ಜನ್ಮದಲ್ಲಿ ಮಾಡಿದ ದೊಡ್ಡ ದಡ್ಡತನ ಅದೇ.

ಶನಿವಾರ ಬೈಕಿನಲ್ಲಿ ಹೊರಟೆ. ಪೆಟ್ರೋಲ್ ಹಾಕಿಸುವಾಗ ಒಂಬತ್ತು ಎನಿಸಿತು. ದಾರಿಯಲ್ಲಿ ಕುರಿಮಂದೆ ಅಡ್ಡ ಬಂದು ನಿಂತಾಗ ಇಪ್ಪತ್ತೆರಡು. ಹರೀಶನ ಅಂಗಡಿ ಮುಂದೆ ಸ್ಟ್ಯಾಂಡ್ ಹಾಕುವ ಹೊತ್ತಿಗೆ, ಸತ್ತರೂ ಹದಿನಾಲ್ಕೇ.

ಅವನು ಹಿಂದಿನ ಚಪ್ಪರದಡಿ ಕುಳಿತಿದ್ದ. ಆಸ್ಪತ್ರೆಯವರು ಬೋಳಿಸುವುದಕ್ಕೆ ಮುಂಚೆ ಮರ್ಯಾದೆಯಾಗಿ ತಾನೇ ಬೋಳಿಸಿಕೊಂಡಿದ್ದೇನೆ ಎಂದು ತಲೆ ಸವರಿಕೊಂಡ. ಅವನ ಹೆಂಡತಿ ನೇತ್ರಾವತಿ ಟಿ.ವಿ. ಆರಿಸಿ, ಚಹಾ ಇಟ್ಟು, ಪಕ್ಕದಲ್ಲೇ ಅವರೆಕಾಯಿ ಸುಲಿಯಲು ಕುಳಿತಳು. ಬಲಗಿವಿ ಈಗಲೇ ಸ್ವಲ್ಪ ಮಂದ ಎಂದು ಹರೀಶ ಹೇಳಿದ. ಹದಿನಾಲ್ಕು ತಂದಿದ್ದೇನೆ ಎಂದೆ. ಅವನು ಕುರ್ಚಿಯಲ್ಲಿ ಮುಂದಕ್ಕೆ ಸರಿದ, ನನಗೆ ಜೀವ ಬಂದಂತಾಯಿತು.

ಹೆಡ್‌ಫೋನ್ ಹಾಕಿಕೊಂಡು ಅರ್ಧ ನಿಮಿಷವೂ ಆಗಿರಲಿಲ್ಲ, ಹುಬ್ಬು ಗಂಟಿಕ್ಕಿ ತೆಗೆದ.

"ಇದು ನಮ್ದಲ್ಲ ಕಣೋ. ಹಾಡು ಅದೇ ಐತೆ. ಇನ್ನೊಬ್ಬ ಯಾವನೋ ನಡುವೆ ಬಾಯಿ ಹಾಕ್ತಾನೆ."

ಕಸಿದುಕೊಂಡು ಕೇಳಿದೆ. ಗಿಟಾರು ಎಡಗಡೆಯಿಂದ ಕೇಳಿತು. ನಾವು ಇಪ್ಪತ್ತೆಂಟು ವರ್ಷ ಖಾಲಿ ಎಂದುಕೊಂಡಿದ್ದ ಜಾಗದಲ್ಲಿ, ಬಲಗಡೆಯಿಂದ ಇನ್ನೊಂದು ಗಿಟಾರು ಸಲೀಸಾಗಿ ಉತ್ತರ ಕೊಟ್ಟಿತು. ಪ್ರತಿ ಸಲವೂ ಕೊಟ್ಟಿತು. ನನ್ನ ಭಾಷಣಗಳೆಲ್ಲ ನೆನಪಾಗಿ ಮುಖ ಬಿಸಿಯಾಯಿತು.

ಹರೀಶ ಮೋಟರಿನ ದೋಷ ಹುಡುಕುವವನಂತೆ ಹೆಡ್‌ಫೋನಿನ ಒಂದೊಂದೇ ಬಟ್ಟಲನ್ನು ಎಡಗಿವಿಗೆ ಇಟ್ಟುಕೊಂಡು ನೋಡಿದ. ಎಡದ್ದರಲ್ಲಿ ನಮ್ಮ ಹದಿನಾಲ್ಕು ಹಾಗೇ ಇತ್ತು, ಖಾಲಿ ಜಾಗ ಸಮೇತ. ಬಲದ್ದರಲ್ಲಿ ಆ ಇನ್ನೊಬ್ಬ. ಗೌಸ್ ಸಾಹೇಬರ ವೈರು ಎಂದ ಹರೀಶ, ನನಗೂ ಅದೇ ಹೊತ್ತಿಗೆ ಹೊಳೆದಿತ್ತು. ಅವರ ರೆಕಾರ್ಡಿಂಗ್ ಮೆಷಿನ್ನಿನ ವೈರಿಗೆ ಎರಡು ಪಿನ್ನು, ಎಡದ ಸದ್ದಿಗೊಂದು, ಬಲದ ಸದ್ದಿಗೊಂದು. ಒಂದು ಕೆಟ್ಟು, ಟೇಪು ಸುತ್ತಿಸಿಕೊಂಡು ಹಿಂದುಗಡೆ ಯಾವಾಗಲೂ ನೇತಾಡುತ್ತಿತ್ತು. ನಾವದನ್ನು ದಿನಾ ನೋಡುತ್ತಿದ್ದೆವು. ಊರಿನ ಎಲ್ಲರ ಟೇಪ್‌ರೆಕಾರ್ಡರಿಗೂ ಒಂದೇ ಸ್ಪೀಕರ್, ಹಾಗಾಗಿ ತಾಲ್ಲೂಕಿನ ಭಜನೆ, ಖವ್ವಾಲಿಗಳೆಲ್ಲ ಅರ್ಧರ್ಧವೇ ಮನೆ ಸೇರಿದರೂ ಒಬ್ಬರಿಗೂ ಗೊತ್ತಾಗಿರಲಿಲ್ಲ.

ನನಗೆ ಅಳು ಬಂತು, ಸಿಟ್ಟೂ ಬಂತು. ಇವನಿಗೆ ಉಳಿದಿರುವುದೇ ಮುಕ್ಕಾಲು ಗಂಟೆ, ಅದಕ್ಕೆ ನಾನು ಗುರುತಿಲ್ಲದವನನ್ನು ಕರೆತಂದು ಕೂರಿಸಿದ್ದೆ. ಹೆಡ್‌ಫೋನ್ ಕಿತ್ತು ಎಸೆಯಬೇಕೆನಿಸಿತು. ಜೇಬಿನಿಂದ ಮೆಮೊರಿ ಕಾರ್ಡ್ ತೆಗೆದು, ನಮ್ಮ ಹಳೆಯದನ್ನೇ ಹಾಕುತ್ತೇನೆ ಎಂದೆ. ಹರೀಶ ನನ್ನ ಕೈ ಹಿಡಿದ.

"ಹಳೇದಕ್ಕೆ ಒಂದು ಕಿವಿ ಸಾಕು. ಅದು ಸೋಮವಾರದ ಮೇಲೂ ಕೇಳ್ತೈತೆ. ಈ ಬಲಗಡೇದ್ನೂ ಎಡಗಿವಿಗೆ ಇಟ್ಕಂಡು ಬೇರೆಯಾಗಿ ಕೇಳ್ಬೋದು. ಎರಡೂ ಸೇರಿದ್ದು ಇವತ್ತೊಂದೇ ದಿನ. ಮೊದ್ಲಿಂದ ಹಾಕು."

ಹಾಕಿದೆ. ನನಗೆ ಸೊಳ್ಳೆ ಸದ್ದಿನಷ್ಟು ಬಿಟ್ಟು ಏನೂ ಕೇಳುತ್ತಿರಲಿಲ್ಲ. ಎದ್ದೆ, ಕುಳಿತೆ, ಅಂಗಡಿಯೊಳಗೆ ಹೋಗಿ ತಾಮ್ರದ ತಂತಿ ಮುಟ್ಟಿ ಬಂದೆ. ಚಹಾ ಆರಿತು. ಸುಮ್ಮನೆ ಕೂರುವಂತೆ ನೇತ್ರಾವತಿ ಕಣ್ಣಲ್ಲೇ ಗದರಿದಳು. ಹರೀಶನ ಪಾದ ನೋಡುತ್ತ ಈಗ ಯಾವ ಹಾಡು ಎಂದು ಗುರುತು ಹಿಡಿದೆ. ಮೊದಲ ಹಾಡುಗಳಲ್ಲಿ ಖಾಲಿ ಜಾಗ ಬಂದಾಗ ಅವನ ಪಾದ ತಬ್ಬಿಬ್ಬಾಗಿ ನಿಲ್ಲುತ್ತಿತ್ತು. ಐದನೆಯ ಹಾಡಿಗೆ ನಿಲ್ಲುವುದನ್ನು ಬಿಟ್ಟಿತು. ಎಂಟನೆಯದರಲ್ಲಿ ಕಣ್ಣು ಮುಚ್ಚಿದ್ದವನ ಕೆನ್ನೆ ಒದ್ದೆಯಾಗಿತ್ತು. ನೇತ್ರಾವತಿ ಅವರೆಕಾಯಿ ಕೆಳಗಿಟ್ಟಳು.

ಕೊನೆಯ ಹಾಡು ನಡೆಯುತ್ತಿದ್ದಾಗ ಅವನು ಕಣ್ಣು ಬಿಟ್ಟು, ಬೆರಳನ್ನು ಹಣೆಯ ಮೇಲಿಟ್ಟುಕೊಂಡ.

"ಆ ಕಡೆ ಒಂದು ಗಿಟಾರು, ಈ ಕಡೆ ಒಂದು. ಹಾಡೋನು ಇಲ್ಲಿ ನಿಂತವ್ನೆ ಕಣೋ ಉಮರ್. ನನ್ನ ತಲೆ ಒಳಗೆ, ಸರಿಯಾಗಿ ನಡುವಿಗೆ."

ಅವನ ಬೆರಳು ನಡುವಿನಲ್ಲಿರಲಿಲ್ಲ. ಎಡಹುಬ್ಬಿನ ಮೇಲಿತ್ತು.

ಹೆಡ್‌ಫೋನ್ ತೆಗೆದು ನನ್ನ ತಲೆಗೆ ತಾನೇ ಹಾಕಿದ. ಎಲ್ಲಿ ನಿಂತಿದ್ದಾನೆ ಎಂದು ನೀನೂ ತೋರಿಸು ಎಂದ; ಇನ್ನು ಮೇಲೆ ತನಗೆ ಗೊತ್ತಾಗುವುದಿಲ್ಲ, ಮರೆತರೆ ಕೇಳಲು ಒಬ್ಬರಾದರೂ ಇರಬೇಕಂತೆ. ಹಾಡುಗಾರ ನನ್ನ ಎರಡು ಹುಬ್ಬುಗಳ ಸರಿನಡುವೆ ನಿಂತು ಹಾಡುತ್ತಿದ್ದ, ಕೂದಲೆಳೆಯಷ್ಟೂ ಅತ್ತಿತ್ತ ಇಲ್ಲ. ಹರೀಶನ ಬಲಗಿವಿ ಆಗಲೇ ಸೋತಿತ್ತು, ಅವನಿಗೆ ಹಾಡುಗಾರ ಎಡಕ್ಕೆ ಸರಿದಿದ್ದ. ಅದು ಅವನಿಗೆ ಗೊತ್ತಿರಲಿಲ್ಲ. ನನ್ನ ಮುಖವನ್ನೇ ನೋಡುತ್ತ ಕಾಯುತ್ತಿದ್ದ. ನಾನು ಬೆರಳೆತ್ತಿ ನನ್ನ ಎಡಹುಬ್ಬಿನ ಮೇಲೆ ಇಟ್ಟೆ.