ಸತ್ತ ಚೀಟಿ

ಕೀಟನಾಶಕ ಪತ್ತೆಹಚ್ಚುವ ಚೀಟಿಯನ್ನು ಒಳ್ಳೆಯ ನೀರಿನಲ್ಲಿ ಅದ್ದಿದರೆ ನೀಲಿಯಾಗಬೇಕು. ತುದಿಗೆ ಹಚ್ಚಿದ ಕಿಣ್ವ ಬದುಕಿದೆ ಎಂಬುದಕ್ಕೆ ಆ ನೀಲಿಯೇ ಸಾಕ್ಷಿ. ನೀರಿನಲ್ಲಿ ವಿಷವಿದ್ದರೆ ಕಿಣ್ವ ಸಾಯುತ್ತದೆ, ಚೀಟಿ ಬೆಳ್ಳಗೇ ಉಳಿಯುತ್ತದೆ. ಬಿಸಿಲಿಗೂ ಅದು ಸಾಯುತ್ತದೆ. ಅದಕ್ಕೇ ಮೊದಲು ಒಂದನ್ನು ಪ್ರಯೋಗಾಲಯದ ಶುದ್ಧ ನೀರಿನಲ್ಲಿ ಅದ್ದಿ ನೋಡಬೇಕೆಂಬ ನಿಯಮ.

ನೀರು ಪರೀಕ್ಷೆಯವಳು ಆ ದಿನ ನಿಯಮ ಬಿಟ್ಟಳು. ಅಣ್ಣನ ಬಾವಿ ತಾನೇ, ಬೇಗ ಮುಗಿಸಿ ಅತ್ತಿಗೆಯ ಕೈಯೂಟಕ್ಕೆ ಕೂರೋಣ ಎಂಬ ಸಲಿಗೆ. ಚೀಟಿ ಬೆಳ್ಳಗೇ ಉಳಿಯಿತು. ಓಣಿಯವರೆಲ್ಲ ನೀರು ಸೇದುವ ಬಾವಿಗೆ ಅವಳೇ ನಿಂತು ಬೀಗ ಹಾಕಿಸಿದಳು. ಅಲ್ಲಿ ತರಕಾರಿಗೆ ಔಷಧಿ ಹೊಡೆಯುವವನು ಅಣ್ಣನೊಬ್ಬನೇ; ಊರ ಬಾಯಿಗೆ ಅಷ್ಟು ಸಾಕಾಯಿತು.

ಇಂದು ಬೆಳಿಗ್ಗೆ ಅದೇ ಡಬ್ಬಿಯ ಚೀಟಿ ಶುದ್ಧ ನೀರಿನಲ್ಲೂ ಬೆಳ್ಳಗೇ ಉಳಿಯಿತು. ಬಾವಿಗೆ ಹೋಗುವ ಹಿಂದಿನ ದಿನವೆಲ್ಲ ಮರೆತು ಕಾರಿನಲ್ಲೇ ಬಿಟ್ಟಿದ್ದ, ಬಿಸಿಲುಂಡ ಡಬ್ಬಿ ಅದು. ಹೊಸ ಡಬ್ಬಿ ತೆರೆದು, ಫ್ರಿಜ್ಜಿನಲ್ಲಿ ಉಳಿದಿದ್ದ ಆ ಬಾವಿಯ ನೀರಿನಲ್ಲಿ ಅದ್ದಿದಳು. ನೀಲಿ. ದೇವರೇ, ಎಷ್ಟು ನೀಲಿ!

ಅಣ್ಣನ ಮನೆಯ ಹೊಸ್ತಿಲಾಚೆ ಔಷಧಿಯ ಪಂಪು ಮುರಿದು ಬಿದ್ದಿತ್ತು.

"ಬನ್ನಿ ಇನ್‌ಸ್ಪೆಕ್ಟ್ರೇ," ಎಂದ ಅಣ್ಣ. "ಇವತ್ತು ಯಾವುದಕ್ಕೆ ಬೀಗ? ನನ್ನ ಬಾಯಿಗಾ?"

"ಪಂಪ್ ಯಾಕಣ್ಣ ಒಡೆದೆ?"

"ಒಂದ್ಸಲ ಬಾವಿ ಕಟ್ಟೆ ಮೇಲೇ ತೊಳೆದಿದ್ದೆ ಕಣೇ. ಪಕ್ಕದ್ಮನೆ ಮಗು ವಾಂತಿ ಮಾಡ್ಕೊಂಡು ಮಲಗ್ತಲ್ಲ, ನನ್ನಿಂದಾನೇ ಆಗಿದ್ದು ಅಂತ ಅವರಮ್ಮನ ಹತ್ರ ಒಪ್ಕೊಂಡ್ಬಿಟ್ಟೆ. ಅವರು ಈಗ ನನ್ನ ಮುಖ ನೋಡಲ್ಲ."

ಅವಳು ಒಳಗೆ ಬಂದು ಕೂತಳು. ದೇವರ ಮುಂದೆ ನಿಂತವಳಂತೆ ಹೇಳಿದಳು: ಬಿಸಿಲು, ಡಬ್ಬಿ, ಊಟದ ಆತುರ. ಒಂದನ್ನೂ ಬಿಡಲಿಲ್ಲ. ನೀಲಿ ಚೀಟಿಯನ್ನು ಮೇಜಿನ ಮೇಲಿಟ್ಟಳು.

"ಹಾಗಾದ್ರೆ ಆ ಮಗು..."

"ಬಾವಿ ನೀರಿಂದಲ್ಲ ಅಣ್ಣ. ನಿನ್ನಿಂದಲ್ಲ."

ಅಣ್ಣ ಚೀಟಿಯನ್ನು ಮುಟ್ಟಿ, ಕೈ ಹಿಂದೆಗೆದ. "ಆವತ್ತು ನೀರಲ್ಲಿ ವಿಷ ಇದೆ ಅಂತ ಬೇರೆ ಯಾರಾದ್ರೂ ಹೇಳಿದ್ರೆ ಜಗಳಕ್ಕೇ ನಿಲ್ತಿದ್ದೆ. ನೀನು ಹೇಳ್ದೆ ಅಂತ ನಂಬ್ದೆ ಕಣೇ."

ಎರಡು ಬೈದಿದ್ದರೆ ಎದೆ ಹಗುರಾಗುತ್ತಿತ್ತೇನೋ. ಅವನು ಬೈಯಲಿಲ್ಲ. ಅವಳು ಎದ್ದಳು.

"ಎಲ್ಲಿಗೆ ಹೊರಟೆ? ಬಡಿಸ್ತಾ ಇದೀನಿ, ಊಟ ಮಾಡ್ಕೊಂಡು ಹೋಗೇ," ಎಂದಳು ಅತ್ತಿಗೆ, ಸೌಟು ಹಿಡಿದೇ.

"ಬೇಡ ಅತ್ತಿಗೆ. ಹೋದ್ಸಲ ಮೊದಲು ಊಟ ಅಂದ್ಕೊಂಡಿದ್ದೇ ಸಾಕು."

ಚೀಟಿಯನ್ನು ಅಂಗೈಯಲ್ಲಿ ಹಿಡಿದು ಪಕ್ಕದ ಮನೆಯ ಬಾಗಿಲು ತಟ್ಟಿದಳು. ಒಳಗೆ ಮಗು ನಗುತ್ತಿತ್ತು. ತಾಯಿಯ ಹೆಜ್ಜೆ ಹತ್ತಿರವಾಯಿತು.