ಕಥೆ ಕೇಳಿದ ಚುರುಟು

ಒನೆಲಿಯಾ ಕಾಫಿ ಬಿಟ್ಟಳಂತೆ ಎಂಬ ಸುದ್ದಿ ಪಿನಾರ್ ದೆಲ್ ರಿಯೊ ಎಂಬ ತಂಬಾಕಿನ ಊರಿನ ಆ ಓಣಿಯಲ್ಲಿ ಸಾವಿನ ಸುದ್ದಿಯಷ್ಟೇ ಬೇಗ ಹಬ್ಬಿತು. ಬೆಳಗಿನ ಕಾಫಿ ಬೇಡವೆನ್ನುವವರು ಒಂದೋ ಕಾಯಿಲೆ ಬಿದ್ದವರು, ಇಲ್ಲವೇ ಜಗಳಕ್ಕೆ ನಿಂತವರು. ಅತ್ತೆ ಎರಡನೆಯದನ್ನೇ ನಂಬಿ ಮಾತು ಬಿಟ್ಟಳು. ಕಾಫಿಯ ಹಿಂದೆಯೇ ಬೆಳ್ಳುಳ್ಳಿ ಹೋಯಿತು, ಕುತ್ತಿಗೆಗೆ ಹಚ್ಚುತ್ತಿದ್ದ ಅತ್ತರೂ ಹೋಯಿತು.

"ಲೇ ಮುದುಕಿ," ಅಂದ ಗಂಡ ಫ್ರೊಯಿಲಾನ್, ಬೇಯಿಸಿದ ಮರಗೆಣಸನ್ನು ಮುಂದಿಟ್ಟುಕೊಂಡು. "ಬೆಳ್ಳುಳ್ಳಿ ಇಲ್ದೆ ಇದನ್ನ ಹೆಂಗೆ ತಿನ್ನೋದು? ಹಂದೀನೂ ಮೂಸಲ್ಲ."

"ಹಂದಿ ಪರೀಕ್ಷೆಗೆ ಕೂರಲ್ಲ, ನಾನು ಕೂರ್ತೀನಿ. ಸುಮ್ನೆ ತಿನ್ನು."

ಅವಳು ಕೆಲಸ ಮಾಡುವ ಚುರುಟಿನ ಕಾರ್ಖಾನೆಯಲ್ಲಿ ರುಚಿ ನೋಡುವವರ ಕೋಣೆಯೊಂದಿದೆ. ದಿನಾ ಬೆಳಿಗ್ಗೆ ಕೆಲವರು ಅಲ್ಲಿ ಕೂತು, ಯಾರು ಸುತ್ತಿದ್ದೆಂದು ತಿಳಿಯದ ಚುರುಟುಗಳನ್ನು ಸೇದಿ ಅಂಕ ಕೊಡುತ್ತಾರೆ. ಅಲ್ಲೀಗ ಒಂದು ಕುರ್ಚಿ ಖಾಲಿಯಾಗಿತ್ತು. ಹರೆಯದಿಂದ ನರೆಯುವ ತನಕ ಚುರುಟು ಸುತ್ತಿದ ಒನೆಲಿಯಾಳ ಬೆರಳ ಗಂಟುಗಳು ಈಚೆಗೆ ಊದತೊಡಗಿದ್ದವು. ಮೂಗು ಮಾತ್ರ ಗಟ್ಟಿಯಾಗಿತ್ತು. ಬೆರಳು ಕೈಕೊಡುವ ಮುಂಚೆ ಆ ಕುರ್ಚಿ ಹಿಡಿಯಲೇಬೇಕು ಎಂದು ಅವಳು ಹಟ ತೊಟ್ಟಿದ್ದಳು. ಹಿಂದೊಮ್ಮೆ ಪರೀಕ್ಷೆಗೆ ಕೂತು ಮೊದಲ ಚುರುಟಿಗೇ ಸೋತಾಗ, ರುಚಿ ನೋಡುವ ಮಿಗ್ದಾಲಿಯಾ, "ನಿನ್ನ ಮೂಗು ಬೆರಳಲ್ಲಿದೆ ಕಣೇ, ಮುಖದಲ್ಲಿಲ್ಲ" ಅಂದಿದ್ದಳು. ಆ ಮಾತು ಇನ್ನೂ ಮುಳ್ಳಿನಂತೆ ಚುಚ್ಚುತ್ತಿತ್ತು.

ಪರೀಕ್ಷೆಯ ದಿನ ಮುಖ್ಯಸ್ಥ ಎದೆಲ್ಮಿರೊ ಸಕ್ಕರೆಯಿಲ್ಲದ ಚಹಾದ ಬಟ್ಟಲನ್ನೂ ಅಂಕ ಬರೆಯಲು ಹಾಳೆ, ಪೆನ್ಸಿಲನ್ನೂ ಅವಳ ಮುಂದಿಟ್ಟ. ಎಲ್ಲರೂ ಅವನನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಅವನ ಮುಖವೋ, ಮಧ್ಯಾಹ್ನದ ಹೊತ್ತು ಮುಚ್ಚಿದ ಕಿಟಕಿ. ಒಳಗೇನಿದೆಯೆಂದು ತಿಳಿಯದು.

ಮೊದಲ ಚುರುಟನ್ನು ಅವಳು ಮೂರರಲ್ಲೊಂದು ಪಾಲು ಸೇದಿ ಕೆಳಗಿಟ್ಟಳು. "ಒಣಹುಲ್ಲು, ಆಮೇಲೆ ಹೊಸ ಜೀನಿನ ಚರ್ಮ. ಬೂದಿ ಗಟ್ಟಿ. ಎಂಟು." ಚಹಾದಲ್ಲಿ ಬಾಯಿ ಮುಕ್ಕಳಿಸಿದಳು. ಎರಡನೆಯದು ನಾಲಿಗೆ ಕಚ್ಚಿತು. "ಎಲೆಗೆ ಇನ್ನೂ ಹಸಿತನ ಇದೆ. ಇದನ್ನ ಇನ್ನಷ್ಟು ದಿನ ಮಲಗಿಸ್ಬೇಕಿತ್ತು. ಐದು."

ಮೂರನೆಯದಕ್ಕೆ ಬೆಂಕಿ ಮುಟ್ಟಿಸಿ ಎಳೆದಳು. ಹೊಗೆ ಬರಲಿಲ್ಲ. ಕೆನ್ನೆ ಗುಳಿ ಬೀಳುವಂತೆ ಎಳೆದಳು. ಹೊಗೆಯ ಒಂದೆಳೆ ಬಂತಷ್ಟೆ.

"ಇದು ಚುರುಟಲ್ಲ ಮೇಷ್ಟ್ರೇ, ಗೂಟ!" ಹೆಬ್ಬೆರಳಿನಿಂದ ಅದರ ಮೈ ಒತ್ತುತ್ತಾ ಹೋದಳು. "ಎಲೆ ಬಂಗಾರ. ತಪ್ಪೆಲ್ಲಾ ಕೈಯದ್ದು. ತುದಿಗಳು ಸಡಿಲ, ನಡು ಬಿಗಿ. ಸುತ್ತಿದ ಪುಣ್ಯಾತ್ಗಿತ್ತಿ ಎಲೆ ನೋಡಿಲ್ಲ, ಸಾತುರ್ನಿನೊನ ಬಾಯಿ ನೋಡ್ತಾ ಕೂತಿದ್ಲು! ಇವಳನ್ನ ಮರಗೆಣಸು ಸುಲಿಯೋಕೆ ಕಳಿಸಿ. ಹತ್ತಕ್ಕೆ ಎರಡು."

ಕೋಣೆಯೆಲ್ಲ ನಕ್ಕಿತು. ಸಾತುರ್ನಿನೊ ಎಂದರೆ ಸುತ್ತುವವರಿಗೆ ದಿನವಿಡೀ ಗಟ್ಟಿಯಾಗಿ ಕಾದಂಬರಿ ಓದಿ ಹೇಳುವವನು. ಕಥೆ ಬಿಗಿಯಾದರೆ ಕೈಯೂ ಬಿಗಿಯಾಗುತ್ತದೆ. ಕಥೆಯಲ್ಲಿ ಕೊಲೆ ನಡೆದ ವಾರ ಅರ್ಧ ಕಾರ್ಖಾನೆಯ ಚುರುಟುಗಳು ಉಸಿರೇ ಆಡುವುದಿಲ್ಲ ಎಂಬುದು ಅಲ್ಲಿನವರಿಗೆಲ್ಲ ಗೊತ್ತು.

ಎದೆಲ್ಮಿರೊ ಮಾತ್ರ ನಗಲಿಲ್ಲ. "ನಿನ್ನ ಮೇಜಿಂದು, ಮಗಳೇ. ಕಳೆದ ಮಂಗಳವಾರ ನಾನೇ ಎತ್ತಿಟ್ಟಿದ್ದೆ."

ಮಂಗಳವಾರ! ಸಾತುರ್ನಿನೊ ಓದುತ್ತಿದ್ದ ಕಥೆಯ ವಿಧವೆ ಬೀಗ ಹಾಕಿದ ಕೋಣೆಯ ಬಾಗಿಲು ತೆಗೆದ ದಿನ. ಮೆಚ್ಚಿ ಎಲ್ಲರೂ ಎಲೆ ಕತ್ತರಿಸುವ ಕತ್ತಿಗಳಿಂದ ಮೇಜು ಕುಟ್ಟಿದ್ದರು. ಒನೆಲಿಯಾ ಎಲ್ಲರಿಗಿಂತ ಜೋರಾಗಿ ಕುಟ್ಟಿದ್ದಳು. ತಾನು ಸುತ್ತುವ ದೊಡ್ಡ ಚುರುಟನ್ನು ಅವಳು ಸೇದಿದ್ದು ಅಪರೂಪ, ಅವು ಕಡಲು ದಾಟುವಂಥವು. ಗುರುತು ಹತ್ತುವುದಾದರೂ ಹೇಗೆ?

"ಪೆನ್ಸಿಲ್ ನಿನ್ನ ಕೈಲೇ ಇದೆ. ಮೊದಲ ಎಳೆತದಲ್ಲಿ ಯಾರಿಗಾದ್ರೂ ತಪ್ಪಾಗತ್ತೆ," ಅಂದ ಎದೆಲ್ಮಿರೊ. "ನಾಲ್ಕಕ್ಕಿಂತ ಕಮ್ಮಿ ಬಂದ್ರೆ ಸುತ್ತಿದವರು ಸಣ್ಣ ಚುರುಟಿನ ಮೇಜಿಗೆ ಇಳೀಬೇಕು. ನಿಯಮ ಗೊತ್ತಲ್ಲ?"

ಗೊತ್ತಿತ್ತು. ಊದಿದ ಬೆರಳಿಗೆ ಸಣ್ಣ ಚುರುಟಿನಷ್ಟು ದೊಡ್ಡ ಶಿಕ್ಷೆ ಇನ್ನೊಂದಿಲ್ಲ. ಎರಡನ್ನು ಐದು ಮಾಡಿದರೆ ಯಾರೂ ಜಗಳಕ್ಕೆ ಬರುತ್ತಿರಲಿಲ್ಲ, ಎಲೆ ಅಷ್ಟು ಚೆನ್ನಾಗಿತ್ತು. ಮಿಗ್ದಾಲಿಯಾ ತನ್ನ ಬಟ್ಟಲಿನ ಚಹಾದೊಳಗೇ ಕಣ್ಣು ನೆಟ್ಟಿದ್ದಳು.

ಒನೆಲಿಯಾ ಪೆನ್ಸಿಲ್ ಕೆಳಗಿಟ್ಟು ಬೆಂಕಿಕಡ್ಡಿ ಗೀರಿದಳು. ಆರಿದ್ದ ಚುರುಟನ್ನು ಮತ್ತೆ ಹೊತ್ತಿಸಿ, ಕಣ್ಣು ಮುಚ್ಚಿ ಎಳೆದಳು. ತನ್ನದೆಂದು ಗೊತ್ತಾದ ಮೇಲೆ ರುಚಿಯೇನಾದರೂ ಬದಲಾಯಿತೋ ಎಂದು ನೋಡಿದಳು. ಬದಲಾಗಿರಲಿಲ್ಲ.

"ಎರಡು," ಅಂದಳು. "ಹಾಗೇ ಇರ್ಲಿ. ಸಣ್ಣ ಮೇಜಿಗೆ ಹಾಕಿ, ಹೋಗ್ತೀನಿ. ಆದ್ರೆ ನಾಲ್ಕನೇದು ಕೊಡಿ. ನನ್ನ ಪರೀಕ್ಷೆ ಇನ್ನೂ ಮುಗಿದಿಲ್ಲ."

"ನಾಲ್ಕನೇದು ಇಲ್ಲ. ಬಂದವ್ರಿಗೆಲ್ಲಾ ಅವರದ್ದೇ ಒಂದನ್ನ ಕೊನೇಲಿ ಕೊಡ್ತೀವಿ," ಅಂದ ಎದೆಲ್ಮಿರೊ.

"ಹೋದ ಸಲ ಬಂದವನು ತನ್ನದಕ್ಕೆ ಒಂಬತ್ತು ಹಾಕ್ಕೊಂಡ," ಅಂದಳು ಮಿಗ್ದಾಲಿಯಾ. "ನನ್ನದೇ ಅಂತ ಮೂಸಿದ ಕೂಡ್ಲೇ ಗೊತ್ತಾಯ್ತು ಅಂತ ಜಂಬ ಬೇರೆ."

ಎದೆಲ್ಮಿರೊ ಖಾಲಿ ಕುರ್ಚಿಯನ್ನು ಕಾಲಿನಿಂದ ಒನೆಲಿಯಾಳತ್ತ ನೂಕಿದ. "ಬೆಳಿಗ್ಗೆ ಇಲ್ಲಿ ಕೂರು. ಆಮೇಲೆ ಸಣ್ಣ ಮೇಜು, ಈ ಸಲದ ಎಲೆ ದಾಸ್ತಾನು ಮುಗಿಯೋ ತನಕ. ಅಂಕ ಅಂದ್ರೆ ಅಂಕ. ಕುರ್ಚಿ, ಮೇಜು ಎರಡೂ ನಿನ್ನವೇ. ಕಾಫಿ, ಬೆಳ್ಳುಳ್ಳಿ ಮಾತ್ರ ಮುಂದಕ್ಕೂ ಇಲ್ಲ."

"ನನ್ನ ಗಂಡ ಓಡಿಹೋಗ್ತಾನೆ ಮೇಷ್ಟ್ರೇ."

"ಬೆಳ್ಳುಳ್ಳಿ ಇಲ್ದಿರೋ ಮರಗೆಣಸು ತಿಂದ್ಕೊಂಡು ಎಷ್ಟು ದೂರ ಓಡ್ತಾನೆ ಬಿಡು," ಅಂದಳು ಮಿಗ್ದಾಲಿಯಾ.

ಅಂದೇ ಮಧ್ಯಾಹ್ನ ಒನೆಲಿಯಾ ಸಣ್ಣ ಚುರುಟಿನ ಮೇಜಿಗೆ ಕೂತಳು. ಬೆರಳುಗಳು ನೋಯುತ್ತಿದ್ದವು. ಪಕ್ಕದವರು ಚುಡಾಯಿಸಿದರು, ಅವಳೂ ತಿರುಗಿ ಚುಡಾಯಿಸಿದಳು. ಸಾತುರ್ನಿನೊ ಪುಸ್ತಕ ಬಿಚ್ಚಿದ. ವಿಧವೆ ದೀಪ ಹಿಡಿದು ಮೆಟ್ಟಿಲಿಳಿಯತೊಡಗಿದಾಗ ಸುತ್ತಲಿನ ಕೈಗಳೆಲ್ಲ ಬಿಗಿಯಾದವು. ಒನೆಲಿಯಾ ಕತ್ತಿ ಪಕ್ಕಕ್ಕಿಟ್ಟು ಎರಡೂ ಅಂಗೈಗಳನ್ನು ಮೇಜಿನ ಮೇಲೆ ಊರಿದಳು. ಕಿವಿತುಂಬ ಕೇಳಿದಳು. ವಿಧವೆ ಕೊನೆಯ ಮೆಟ್ಟಿಲು ಇಳಿಯುವ ತನಕ ಎಲೆಯನ್ನು ಮುಟ್ಟಲಿಲ್ಲ.