ಸಂಜೆ ಆರರ ಕರೆ

ಮಗಳು ಇನ್ನಿಲ್ಲವೆಂದು ದರ್ಜಿಗೆ ತಿಳಿದದ್ದು ಗುರುವಾರ ಮಧ್ಯಾಹ್ನ. ಅಂಗಡಿಯನ್ನು ತೆರೆದ ಹಾಗೆಯೇ ಬಿಟ್ಟು ಕಣಿವೆಯ ಚಾರಣ ಕಚೇರಿಗೆ ಓಡಿದಾಗ, ಬೆಟ್ಟದ ತಂಗುಮನೆಯಲ್ಲಿ ಒಬ್ಬಳೇ ಉಳಿದುಕೊಂಡಿದ್ದ ಅವಳನ್ನು, ಆ ದಾರಿಯಲ್ಲಿ ಬಂದ ಚಾರಣಿಗರು ಕಂಡು ಹೊತ್ತು ತಂದು ಜಗಲಿಯ ಮೇಲೆ ಮಲಗಿಸಿದ್ದರು. ಭಾನುವಾರ ಮಂಜುಗಡ್ಡೆ ಕಟ್ಟಿದ ಮೆಟ್ಟಿಲಲ್ಲಿ ಜಾರಿ ತೊಡೆ ಮುರಿದಿದೆ, ತೆವಳಿಕೊಂಡು ಒಳಗೆ ಬಂದಿದ್ದಾಳೆ, ಮಂಗಳವಾರದವರೆಗೂ ಜೀವ ಹಿಡಿದಿದ್ದಾಳೆ ಎಂದರು ಡಾಕ್ಟರು. ವೈರ್‌ಲೆಸ್ ಅವಳ ಮುಷ್ಟಿಯಲ್ಲೇ ಇತ್ತಂತೆ.

ಬುಧವಾರ ಸಂಜೆಯೂ ದರ್ಜಿ ಕಚೇರಿಯ ಗುಮಾಸ್ತನಿಗೆ ಫೋನು ಮಾಡಿದ್ದ. "ಈಗಷ್ಟೇ ಮಾತಾಡಿದ್ಲು, ಚೆನ್ನಾಗಿದ್ದಾಳೆ. ನಿಶ್ಚಿಂತೆಯಿಂದ ಮಲಗಿ ಯಜಮಾನ್ರೇ" ಎಂದಿತ್ತು ಆ ದನಿ.

ತಂಗುಮನೆಯಲ್ಲಿ ಉಳಿದುಕೊಂಡವರು ದಿನವೂ ಸಂಜೆ ಆರಕ್ಕೆ ವೈರ್‌ಲೆಸ್‌ನಲ್ಲಿ ಕಚೇರಿಗೆ ಕರೆ ಮಾಡಬೇಕು. ಕರೆ ಬಾರದಿದ್ದರೆ ಬೆಳಗಾಗುತ್ತಲೇ ಜನ ಬೆಟ್ಟ ಹತ್ತಬೇಕು. ಗುಮಾಸ್ತ ಐದಕ್ಕೇ ಕಚೇರಿಯ ವೈರ್‌ಲೆಸ್ ಯಂತ್ರ ಆರಿಸಿ ಮನೆ ಸೇರುತ್ತಿದ್ದ. ಕೇಳಿದವರಿಗೆಲ್ಲ ಮಂಚದ ಮೇಲಿಂದಲೇ ಅದೇ ಪಾಠ ಒಪ್ಪಿಸುತ್ತಿದ್ದ.

ವಿಚಾರಣೆಯ ಹಿಂದಿನ ದಿನ ಅವನು ಅಂಗಡಿಗೆ ಬಂದ.

"ಯಂತ್ರ ಕೆಟ್ಟಿತ್ತು ಅಂತ ಹೇಳ್ತೀನಿ. ದಿನಾ ಸಂಜೆ ಫೋನಲ್ಲಿ ನಾವು ನನ್ನ ಪ್ಯಾಂಟಿನ ಅಳತೆ ಮಾತಾಡಿದ್ವಿ ಅನ್ನಿ ಸಾಕು. ಹೋದವಳು ತಿರುಗಿ ಬರ್ತಾಳಾ ಯಜಮಾನ್ರೇ? ನನ್ನ ಹೊಟ್ಟೆ ಮೇಲೆ ಯಾಕೆ ಹೊಡೀತೀರಿ?"

ಕತ್ತರಿ ದರ್ಜಿಯ ಕೈಯಲ್ಲೇ ಇತ್ತು. ಒಂದು ಗಳಿಗೆ ಗುಮಾಸ್ತನ ಗಂಟಲನ್ನೇ ನೋಡಿದ. ಆಮೇಲೆ ಅದನ್ನು ಕೆಳಗಿಟ್ಟು, ಎದ್ದು ಬಂದು ಬೆನ್ನು ತಟ್ಟಿದ.

"ನಾನಿದ್ದೀನಲ್ಲಪ್ಪಾ, ಯಾಕೆ ಹೆದರ್ತೀಯ? ನಿಶ್ಚಿಂತೆಯಿಂದ ಮಲಗು, ಹೋಗು."

ಮರುದಿನ ಗುಮಾಸ್ತ ತಲೆ ಬಾಚಿ, ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ. ಕೇಳಿದ್ದಕ್ಕೆಲ್ಲ ನೀರು ಕುಡಿದಷ್ಟು ಸಲೀಸಾಗಿ ಉತ್ತರಿಸಿ, "ಬೇಕಾದ್ರೆ ಯಜಮಾನ್ರನ್ನೇ ಕೇಳಿ" ಎಂದ.

ದರ್ಜಿ ಎದ್ದು ನಿಂತ. ಗುಮಾಸ್ತ ಭಾನುವಾರ ಏನೆಂದ, ಸೋಮವಾರ ಏನೆಂದ, ಮಗಳು ಸತ್ತ ಮರುದಿನವೂ ಏನೆಂದ ಎಂದು ಒಂದೊಂದು ಸಂಜೆಯನ್ನೂ ಹೇಳಿದ. ಪ್ಯಾಂಟಿನ ಅಳತೆಯ ಮಾತನ್ನೂ ಬಿಡಲಿಲ್ಲ.

ಗುಮಾಸ್ತನ ಮುಖ ಸುಣ್ಣದಂತಾಯಿತು. "ಮಾತು ಕೊಟ್ಟಿದ್ರಲ್ಲ!"

"ಕೊಟ್ಟಿದ್ದೆ. ಹೇಗೆ, ರಾತ್ರಿ ನಿದ್ದೆ ಚೆನ್ನಾಗಿ ಬಂತಾ?"

ಪೊಲೀಸರು ಅವನನ್ನು ಕರೆದೊಯ್ಯುವುದನ್ನು ದರ್ಜಿ ಬಾಗಿಲವರೆಗೂ ಹೋಗಿ ಕಣ್ತುಂಬ ನೋಡಿದ. ಎದೆ ತಣ್ಣಗಾಯಿತು. ಮನೆಗೆ ಬಂದು ಕೈಕಾಲು ತೊಳೆದು ದೇವರ ಮುಂದೆ ಕಣ್ಣು ಮುಚ್ಚಿದರೆ, ಕಂಡದ್ದು ಮಗಳ ಮುಖವಲ್ಲ, ಗುಮಾಸ್ತನದು. ಮತ್ತೆ ಮತ್ತೆ ಅದೇ. ಮುದುಕ ಬಿಕ್ಕಿದ.

"ಭಗವಂತಾ, ಅವನನ್ನು ಕ್ಷಮಿಸು ಅಂತ ಕೇಳೋಕೆ ನನಗೆ ನಾಲಿಗೆ ಏಳೋದಿಲ್ಲ. ಕೇಳೋದೂ ಇಲ್ಲ. ನಾನಾಡಿದ ಸುಳ್ಳಿನ ಶಿಕ್ಷೆ ನನಗಿರಲಿ. ಕರೆದು ಕರೆದು ಸೋತವಳು ಅವಳು. ಆ ದನಿ ನಿನಗಾದರೂ ಕೇಳಲಿ. ನನ್ನ ಕೂಸನ್ನು ನಿನ್ನ ಪಾದದ ಹತ್ತಿರ ಬೆಚ್ಚಗೆ ಇಟ್ಟುಕೋ, ಅವಳಿಗೆ ಶಾಂತಿ ಕೊಡು."